ಮಗ್ಗುಲು ಬದಲಿಸಿದ ವೈದ್ಯ

ಪ್ಯಾರಾಲಿಂಪಿಕ್ಸ್ ಎಂದರೆ ಎಲ್ಲರಿಗೂ ಪದಕಗಳು ನೆನಪಾಗುತ್ತವೆ. ಫಿಸಿಯೋಥೆರಪಿ ಓದುತ್ತಿರುವ ನನಗೆ ಮೊದಲು ನೆನಪಾಗುವುದು ಒಬ್ಬ ನರರೋಗ ತಜ್ಞ. ಅವರು ಸರ್ ಲುಡ್ವಿಗ್ ಗುಟ್‌ಮನ್.

1899ರ ಜುಲೈ 3ರಂದು ಆಗ ಜರ್ಮನಿಯಲ್ಲಿದ್ದ ಟೋಸ್ಟ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಅವರು ಹುಟ್ಟಿದರು. 1917ರಲ್ಲಿ ಗಣಿ ಕಾರ್ಮಿಕರ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನುಮೂಳೆ ಮುರಿದ ಯುವಕನೊಬ್ಬನನ್ನು ಕಂಡರು. ಗಟ್ಟಿಮುಟ್ಟಾಗಿದ್ದ ಆತ ಕೆಲವೇ ವಾರಗಳಲ್ಲಿ ತೀರಿಕೊಂಡ. ಆಗ ಇಂಥವರನ್ನು ಕೊಲ್ಲುತ್ತಿದ್ದುದು ಬಹುಪಾಲು ಬೆನ್ನಿನ ಪೆಟ್ಟಲ್ಲ, ಆಮೇಲೆ ಬರುವ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಆ ಯುವಕ ಗುಟ್‌ಮನ್ ಮನಸ್ಸಿನಿಂದ ಮರೆಯಾಗಲೇ ಇಲ್ಲ.

ಬ್ರೆಸ್ಲೌ ನಗರದಲ್ಲಿ ಅವರು ಹೆಸರಾಂತ ನರರೋಗ ತಜ್ಞರಾದರು. 1933ರಲ್ಲಿ ನಾಜಿಗಳು ಬಂದ ಮೇಲೆ ಯಹೂದಿ ಆಸ್ಪತ್ರೆಯಲ್ಲಷ್ಟೇ ಕೆಲಸ ಮಾಡಬೇಕಾಯಿತು. 1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ರಾತ್ರಿ, ಆಶ್ರಯ ಬೇಡಿ ಬಂದವರನ್ನೆಲ್ಲ ಒಳಗೆ ಸೇರಿಸಿಕೊಂಡರು. ಮರುದಿನ ಅಧಿಕಾರಿಗಳ ಮುಂದೆ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ಹೇಳಿ 60 ಜನರನ್ನು ಉಳಿಸಿದರು. 1939ರಲ್ಲಿ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಇಂಗ್ಲೆಂಡ್ ಸೇರಿದರು.

1944ರ ಫೆಬ್ರುವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ವಿಭಾಗ ತೆರೆದಾಗ ಅದರ ಹೊಣೆ ಅವರಿಗೆ ಬಂತು. ಕೈಬಿಟ್ಟ ರೋಗಿಗಳ ವಾರ್ಡ್ ಅದು ಎಂದೇ ಬಹಳಷ್ಟು ವೈದ್ಯರು ಭಾವಿಸಿದ್ದರು. ಗುಟ್‌ಮನ್ ಬಳಿ ಹೊಸ ಔಷಧಿಯೇನೂ ಇರಲಿಲ್ಲ. ರೋಗಿಗಳ ಮೈಗೆ ಹಾಕಿದ್ದ ಪ್ಲಾಸ್ಟರ್ ತೆಗೆಸಿದರು. ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರನಾಳದ ಆರೈಕೆಯಲ್ಲಿ ಕೊಂಚವೂ ಕೊಳಕು ಸೋಕಬಾರದು ಎಂದು ಕಟ್ಟುನಿಟ್ಟು ಮಾಡಿದರು. ಇದು ನಡೆಯುತ್ತಿದೆಯೇ ಎಂದು ನೋಡಲು ರಾತ್ರಿಯಲ್ಲೂ ತಾವೇ ವಾರ್ಡಿಗೆ ಬರುತ್ತಿದ್ದರು. ಸಾಯಲು ಮಲಗಿಸಿದ್ದವರು ಎದ್ದು ಕುಳಿತರು.

ಉಳಿದ ಜೀವ ಬದುಕಬೇಕಲ್ಲ? ಅದಕ್ಕಾಗಿ ಮರಗೆಲಸ, ಗಡಿಯಾರ ರಿಪೇರಿ ಕಲಿಸಿದರು. ಅವರು ದುಡಿದು ತೆರಿಗೆ ಕಟ್ಟುವ ನಾಗರಿಕರಾಗಬೇಕೆಂಬುದು ಗುಟ್‌ಮನ್ ಆಸೆ. ಜೊತೆಗೆ ಆಟಗಳೂ ಬಂದವು. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಬಿಲ್ಲು ಹಿಡಿದರು. 1960ರಲ್ಲಿ ರೋಮ್‌ನಲ್ಲಿ 23 ದೇಶಗಳ ಸುಮಾರು 400 ಕ್ರೀಡಾಪಟುಗಳು ಸೇರಿದರು. 1965ರ ಯುದ್ಧದಲ್ಲಿ ಗುಂಡೇಟು ತಿಂದಿದ್ದ ನಮ್ಮ ಸೈನಿಕ ಮುರಳೀಕಾಂತ್ ಪೇಟ್ಕರ್, 1972ರಲ್ಲಿ ಇದೇ ಕೂಟದಲ್ಲಿ ಈಜಿ ಭಾರತಕ್ಕೆ ಮೊದಲ ಚಿನ್ನ ತಂದರು. 1966ರಲ್ಲಿ ಸರ್ ಪದವಿ ಪಡೆದ ಗುಟ್‌ಮನ್ 1980ರ ಮಾರ್ಚ್ 18ರಂದು ನಿಧನರಾದರು.

ನಮ್ಮ ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿದ್ದಾರೆ. ನಮ್ಮೂರಿನಲ್ಲಿ ಕೊನೆ ಕೊಯ್ಯುತ್ತಿದ್ದ ಅಣ್ಣನೊಬ್ಬ ಹೀಗೆ ಬಿದ್ದು ಮೂರು ವರ್ಷವಾಯಿತು. ಅತ್ತಿಗೆ ರಾತ್ರಿಯೆಲ್ಲ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಎದ್ದು ಅವನ ಮಗ್ಗುಲು ಬದಲಿಸುತ್ತಾರೆ. ಇದುವರೆಗೆ ಅವನ ಬೆನ್ನಿನಲ್ಲಿ ಒಂದು ಹುಣ್ಣೂ ಆಗಿಲ್ಲ. ಈಗ ಅವನು ಗಾಲಿಕುರ್ಚಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಾನೆ. ಅತ್ತಿಗೆಗೆ ಗುಟ್‌ಮನ್ ಹೆಸರು ಗೊತ್ತಿಲ್ಲ. ಆದರೆ ನನ್ನ ಪಾಲಿಗೆ ಆ ವೈದ್ಯರ ನಿಜವಾದ ಸ್ಮಾರಕ ಇರುವುದು ಅಂಥ ಮನೆಗಳಲ್ಲಿಯೇ.