ಗ್ರೇಸ್ ಹಾಪರ್

ಗಣಕಯಂತ್ರಕ್ಕೆ ವ್ಯಾಪಾರದ ಮಾತು ಕಲಿಸಿದ ಗ್ರೇಸ್ ಹಾಪರ್ 1906ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದು, 1943ರಲ್ಲಿ ಯುದ್ಧದ ನಿಮಿತ್ತ ನೌಕಾಪಡೆಯನ್ನು ಸೇರಿದರು.

ಅಂದು ಯಂತ್ರಕ್ಕೆ ಆಜ್ಞೆ ಕೊಡಬೇಕಾದುದು ಅಂಕಿ ಸಂಕೇತಗಳಲ್ಲಿ. ಲೆಕ್ಕ ಬರೆಯುವ ಗುಮಾಸ್ತನಿಗೆ ಅದು ನಿಲುಕದು. ಸಾಮಾನ್ಯ ಇಂಗ್ಲಿಷಿನಲ್ಲೇ ಬರೆಯಬಹುದೆಂದು ಹಾಪರ್ ವಾದಿಸಿದರು. ಮೇಲಿನವರು ಒಪ್ಪದಿರಲು ಮಾಡಿಯೇ ತೋರಿಸಿದರು; ಫ್ರೆಂಚ್, ಜರ್ಮನ್ ಮಾತುಗಳಲ್ಲೂ ನಡೆಸಿ ತೋರಿಸಿದರು. ಹೀಗೆ ಫ್ಲೋ-ಮ್ಯಾಟಿಕ್ ಹುಟ್ಟಿತು. ಆದರೆ ಅದು ಯುನಿವ್ಯಾಕ್ ಯಂತ್ರಗಳಿಗಷ್ಟೇ ಸೀಮಿತ. 1957ರ ಫೋರ್ಟ್ರಾನ್ ವಿಜ್ಞಾನಿಯ ಸೂತ್ರಗಳಿಗೆ ಒಗ್ಗಿತು, ಕಿರ್ದಿ ಖಾತೆಗಳಿಗಲ್ಲ. ಐಬಿಎಂನ ಆರ್‌ಪಿಜಿ ಪಟ್ಟಿ, ವರದಿಗಳನ್ನು ಸುಲಭವಾಗಿ ತೆಗೆದುಕೊಡುತ್ತಿತ್ತು. 1959ರಲ್ಲಿ ಸಮಿತಿಯೊಂದು ಫ್ಲೋ-ಮ್ಯಾಟಿಕನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಕೋಬಾಲನ್ನು ರೂಪಿಸತೊಡಗಿತು; ಹಾಪರ್ ಅದಕ್ಕೆ ಸಲಹೆಗಾರ್ತಿ. ಕೋಬಾಲಿನ ಮಾತು ಉದ್ದ, ನಿಜ. ಆದರೆ ಅದು ಹಲವು ಕಂಪೆನಿಗಳ ಯಂತ್ರಗಳಲ್ಲಿ ನಡೆಯಿತು. ದಶಮಾಂಶದ ಲೆಕ್ಕದಲ್ಲಿ ಪೈಸೆ ತಪ್ಪಲಿಲ್ಲ. ಒಬ್ಬ ಬರೆದುದನ್ನು ಮತ್ತೊಬ್ಬ ಓದಬಹುದಾಗಿತ್ತು.

1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದ ಹಾಪರ್ 1992ರ ಜನವರಿ 1ರಂದು ತೀರಿಕೊಂಡರು. ಕೆಲವರ ವಿದ್ಯೆಯನ್ನು ಹಲವರ ಕೈಗೆಟುಕಿಸಿದುದೇ ಆಕೆಯ ಹಿರಿಮೆ. ಹೊಳಲ್ಕೆರೆಯ ಮಂಡಿಯ ಗುಮಾಸ್ತನ ಮಾತು ಕನ್ನಡ. ಆ ಮಾತಿಗೂ ಯಂತ್ರವನ್ನು ಪಳಗಿಸುವ ಕೆಲಸ ನಮ್ಮ ಪಾಲಿನದು.