ಕೆನೆತ್ ಆಂಡರ್ಸನ್ ಬದುಕಿನಲ್ಲಿ ಎರಡು ಬಗೆಯ ಮದ್ದು

ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಕಥೆಗಳನ್ನು ಓದದವರು ನಮ್ಮ ಸಂಘದಲ್ಲಿ ತುಂಬಾ ಕಡಿಮೆ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ ಅಂತ ನಾಲ್ಕು ಪುಸ್ತಕ. (ಆ ಬೆಳ್ಳಂದೂರು ನಮ್ಮ ಔಟರ್ ರಿಂಗ್ ರೋಡಿನ ಟ್ರಾಫಿಕ್ ಜಾಮಿನ ಬೆಳ್ಳಂದೂರಲ್ಲ, ಶಿವಮೊಗ್ಗ ಜಿಲ್ಲೆಯದು!) ಇವು ಹುಟ್ಟಿದ್ದು ಕೆನೆತ್ ಆಂಡರ್ಸನ್ ಎಂಬ ಬೆಂಗಳೂರಿಗನ ಇಂಗ್ಲಿಷ್ ಕಥೆಗಳಿಂದ. ಹುಲಿ, ಚಿರತೆ ವಿಷಯ ಎಲ್ಲರಿಗೂ ಗೊತ್ತು. ಇಂಜಿನಿಯರಿಂಗ್ ಓದುವ ನಾವು ಈ ಸಲ ಅವರ ಬದುಕನ್ನು ಕೋವಿಯ ಕಡೆಯಿಂದ, ಅದರಲ್ಲೂ ಕೋವಿಗೆ ತುಂಬುವ ಮದ್ದಿನ ಕಡೆಯಿಂದ ನೋಡೋಣ ಅಂತ ಹೊರಟಿದ್ದೇವೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬೊಲಾರಂನಲ್ಲಿ. ಮನೆತನ ಸ್ಕಾಟ್ಲೆಂಡ್ ಮೂಲದ್ದು, ಆದರೆ ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದು. ತಂದೆ ಸೈನ್ಯದ ಸಂಬಳ-ಲೆಕ್ಕಪತ್ರದ ಇಲಾಖೆಯಲ್ಲಿದ್ದರು. ಹುಡುಗ ಓದಿದ್ದು ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ ಕಾಲೇಜು. ಕಾನೂನು ಓದಲಿ ಅಂತ ಎಡಿನ್‌ಬರೋಗೆ ಕಳಿಸಿದರೆ, ಓದು ಅರ್ಧಕ್ಕೇ ಬಿಟ್ಟು ವಾಪಸ್ ಬಂದುಬಿಟ್ಟರು. ಕಾಡು ಎಳೆದಿತ್ತು.

ಅವರು ಬೆಳೆದ ಕಂಟೋನ್ಮೆಂಟು ಅಂದ್ರೆ ಮದ್ದುಗುಂಡಿನ ಊರೇ. ಬ್ರಿಗೇಡ್ ರೋಡ್, ಇನ್‌ಫೆಂಟ್ರಿ ರೋಡ್, ಆರ್ಟಿಲರಿ ರೋಡ್ ಅಂತ ನಾವು ದಿನಾ ಹೇಳುವ ಹೆಸರುಗಳಲ್ಲೇ ಅದು ಉಳಿದಿದೆ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನಲ್ಲೇ 1912ರಲ್ಲಿ ಕ್ಯಾಪ್ಟನ್ ಮೆಕ್ಲಿಂಟಾಕ್ ಮುಳ್ಳುತಂತಿ ಬೇಲಿ ಹಾರಿಸುವ ಬ್ಯಾಂಗಲೋರ್ ಟಾರ್ಪಿಡೊ ರೂಪಿಸಿದ್ದು.

ಸುಮಾರು 15 ವರ್ಷ ಅಂಚೆ-ತಂತಿ ಇಲಾಖೆಯಲ್ಲಿ ದುಡಿದ ಆಂಡರ್ಸನ್, ನಂತರ ಸೇರಿದ್ದು 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಗೆ, ಅಂದರೆ ಇವತ್ತಿನ ಎಚ್‌ಎಎಲ್‌ಗೆ. ಅಲ್ಲಿ ಪ್ಲಾನಿಂಗ್ ವಿಭಾಗದ ಮ್ಯಾನೇಜರ್ ಆದರು. ಈಗ ಇಂದಿರಾನಗರ ಅನ್ನುವ ಜಾಗದಲ್ಲಿ ಆಗ ಬಿನ್ನಮಂಗಲ, ದೂಪನಹಳ್ಳಿಯಂಥ ಹಳ್ಳಿಗಳಿದ್ದವು. ವಾರವೆಲ್ಲ ಕಾರ್ಖಾನೆ, ರಜೆ ಸಿಕ್ಕರೆ ಕಾರು ಹತ್ತಿ ಕಾಡು. ಕನ್ನಡ, ತಮಿಳು ಎರಡೂ ಬರುತ್ತಿದ್ದರಿಂದ ಹಳ್ಳಿ ಜನರ ಜೊತೆ ನೇರವಾಗಿ ಮಾತು.

ಅವರ ಕೈಯಲ್ಲಿದ್ದದ್ದು ವಿಂಚೆಸ್ಟರ್ 1895 ಮಾದರಿಯ .405 ರೈಫಲ್. ಹೊಗೆರಹಿತ ಮದ್ದಿನ ತೋಟಾಗಳಿಗಾಗಿಯೇ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು. ತೋಟಾದ ಗುಂಡಿನ ತೂಕ 300 ಗ್ರೇನ್, ಅಂದ್ರೆ ಸುಮಾರು 19.4 ಗ್ರಾಂ, ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ½mv² ಹಾಕಿ ನೋಡಿ, 4,300 ಜೌಲ್ ದಾಟುತ್ತದೆ. ಇನ್ನೊಂದು ಮುಖ್ಯ ವಿಷಯ: ಕಾರ್ಖಾನೆಯಲ್ಲಿ ಪ್ರತಿ ತೋಟಾಕ್ಕೂ ಅದೇ ಮದ್ದು, ಅದೇ ಅಳತೆ, ಅದೇ ತೂಕದ ಗುಂಡು. ಒಂದೇ ಕಡೆ ಗುರಿಯಿಟ್ಟು ಐದು ಸಲ ಹೊಡೆದರೆ ಐದು ತೂತೂ ಹತ್ತಿರ ಹತ್ತಿರ ಬೀಳಬೇಕು. ಕೋವಿಯ ಗುರಿ ಪರೀಕ್ಷೆ ಅಂದರೆ ಇಷ್ಟೇ. ನಮ್ಮ ಲ್ಯಾಬ್ ಭಾಷೆಯಲ್ಲಿ ರಿಪೀಟೆಬಿಲಿಟಿ.

ಅದೇ ಕಾಡಂಚಿನ ಹಳ್ಳಿಗಳಲ್ಲಿ ಇದ್ದದ್ದು ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬುವ ಕೋವಿ. 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ ಸೇರಿದರೆ ಕರಿಮದ್ದು. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವೇ ಆಗುವುದಿಲ್ಲ. ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿ ನಳಿಗೆಯೊಳಗೆ ಮೆತ್ತಿಕೊಂಡು, ಎರಡನೇ ಸಲ ಗಜದಿಂದ ತುರುಕುವಾಗ ಬಿಗಿ ಬೇರೆ, ಮೂರನೇ ಸಲ ಮತ್ತೂ ಬೇರೆ. ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ. ಅಳತೆ ಅಂದಾಜಿನದು. ಗುಂಡಿನ ಬದಲು ಸೀಸದ ಚೂರು, ಕಬ್ಬಿಣದ ತುಂಡು. ಹೀಗಿರುವಾಗ ಐದು ಏಟು ಐದು ದಿಕ್ಕಿಗೆ. ವೇಗವೂ ಕಡಿಮೆ, ತೂಕ ಅಷ್ಟೇ ಇದ್ದು ವೇಗ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾದ್ರೆ ಆ ಕೋವಿಗೇ ಹೊಗೆರಹಿತ ಮದ್ದು ತುಂಬಬಹುದಿತ್ತಲ್ವಾ ಅಂತ ನಮ್ಮಲ್ಲೇ ಒಂದು ಚರ್ಚೆ ಎದ್ದಿತು. 1884ರಲ್ಲೇ ಫ್ರಾನ್ಸಿನ ಪಾಲ್ ವಿಯೆಲ್ ಆ ಮದ್ದು ಕಂಡುಹಿಡಿದಾಗಿತ್ತು. ನಮ್ಮ ನೀಲಗಿರಿಯ ಅರವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆಯೂ 20ನೇ ಶತಮಾನದ ಮೊದಲ ದಶಕದಲ್ಲೇ ಬಂದಿತ್ತು. ಆದರೆ ಈ ಮದ್ದು ಹೆಚ್ಚುಕಮ್ಮಿ ಪೂರ್ತಿ ಅನಿಲವಾಗುತ್ತದೆ. ಜೊತೆಗೆ ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಕರಿಮದ್ದಿನಲ್ಲಿ ಈ ಸುತ್ತು ಅಷ್ಟು ಜೋರಿಲ್ಲ. ಕರಿಮದ್ದಿನ ಅಳತೆಯಲ್ಲೇ ಇದನ್ನು ಹಳೆಯ ನಳಿಗೆಗೆ ಸುರಿದರೆ ನಳಿಗೆ ಸಿಡಿದು ಹೊಡೆದವನ ಕೈ, ಕಣ್ಣು, ಕೆಲವೊಮ್ಮೆ ಪ್ರಾಣ ಹೋಗುತ್ತದೆ. ಬಾಯಿಂದ ತುಂಬಿದರೂ ಹೊಗೆರಹಿತ ಮದ್ದನ್ನು ತಾಳುವ ರೈಫಲನ್ನು ಅಮೆರಿಕದ ಸ್ಯಾವೇಜ್ ಕಂಪನಿ ಮಾರಿದ್ದು 2000ದ ದಶಕದಲ್ಲಿ. ಅದಕ್ಕೆ ಉಕ್ಕು, ಹಿಂಬದಿಯ ಬೋಲ್ಟ್ ಎಲ್ಲ ಹೊಸದಾಗಿ ರೂಪಿಸಬೇಕಾಯಿತು. ಮದ್ದು ಬದಲಾದರೆ ಯಂತ್ರವೂ ಬದಲಾಗಬೇಕು.

ಈಗ ಆಂಡರ್ಸನ್ ಕಥೆಗಳನ್ನು ಮತ್ತೆ ತಿರುವಿ ಹಾಕಿ. ಹುಲಿ, ಚಿರತೆ ಸುಮ್ಮಸುಮ್ಮನೆ ಮನುಷ್ಯನ ಮೇಲೆ ಬೀಳುವುದಿಲ್ಲ. ಮುಪ್ಪು, ಮುಳ್ಳುಹಂದಿಯ ಮುಳ್ಳು, ಅಥವಾ ಹಳೆಯ ಗುಂಡೇಟು ಹೀಗೆ ಏನೋ ಒಂದು ಕಾರಣ ಇರುತ್ತದೆ ಅಂತ ಅವರು ಹುಡುಕುತ್ತಾರೆ. ಹೊಲದ ಮಚಾನಿನಿಂದಲೋ ನೀರಿನ ಗುಂಡಿಯ ಪಕ್ಕದಿಂದಲೋ ಯಾರೋ ಕೇಪಿನ ಕೋವಿ ಹಾರಿಸುತ್ತಾರೆ. ಪ್ರಾಣಿ ಸಾಯುವುದಿಲ್ಲ. ಕುಂಟುತ್ತಾ ಕಾಡು ಸೇರುತ್ತದೆ. ಜಿಂಕೆ ಹಿಡಿಯಲು ಆಗದೆ ದನಕ್ಕೆ ಬರುತ್ತದೆ, ಆಮೇಲೆ ದನ ಕಾಯುವವನಿಗೆ. ಅಂದಾಜಿನಲ್ಲಿ ತುಂಬಿದ ಒಂದು ಹಿಡಿ ಮದ್ದಿನ ಲೆಕ್ಕವನ್ನು, ಆ ಕೋವಿ ನೋಡಿಯೇ ಇರದ ಹಳ್ಳಿಯ ಹೆಂಗಸರು ಮಕ್ಕಳು ಪ್ರಾಣ ಕೊಟ್ಟು ತೀರಿಸುತ್ತಿದ್ದರು.

1939ರಿಂದ 1966ರವರೆಗೆ ಅವರು ಹೊಡೆದ ನರಭಕ್ಷಕಗಳ ಅಧಿಕೃತ ಲೆಕ್ಕ 8 ಚಿರತೆ, 7 ಹುಲಿ. ಗುಮ್ಮಳಾಪುರದ ಚಿರತೆಯೊಂದೇ 42 ಜನರನ್ನು ಕೊಂದಿತ್ತು. ಗುರಿ ತಪ್ಪಿ ಪ್ರಾಣಿಗೆ ಬರೀ ಗಾಯವಾದರೆ, ಬೆಳಗಾದ ಮೇಲೆ ರಕ್ತದ ಜಾಡು ಹಿಡಿದು ಕಾಲ್ನಡಿಗೆಯಲ್ಲಿ ಹುಡುಕಿಕೊಂಡು ಹೋಗುವುದು ಅವರು ಬಿಡದ ನಿಯಮ. ಹೊಡೆದವನದೇ ಜವಾಬ್ದಾರಿ. ಹಾಗಂತ ಅವರು ಹಳ್ಳಿಯ ಕೋವಿಯವರನ್ನು ದೂರ ಇಟ್ಟವರಲ್ಲ. ಅವರ ಕಥೆಗಳ ಬೈರ, ರಂಗ ಇಬ್ಬರೂ ಕಳ್ಳಬೇಟೆ ಆಡುತ್ತಿದ್ದವರೇ, ಇಬ್ಬರೂ ಅವರ ಪ್ರಾಣಸ್ನೇಹಿತರೇ. ಕಾಡಿನ ವಿದ್ಯೆ ಅವರಲ್ಲಿತ್ತು, ಒಳ್ಳೆಯ ಆಯುಧ ಇವರಲ್ಲಿತ್ತು. ಆ ಅಂತರ ಬುದ್ಧಿಯದಲ್ಲ, ದುಡ್ಡಿನದು ಮತ್ತು ಲೈಸೆನ್ಸಿನದು ಅನ್ನೋದನ್ನು ನಾವು ಮರೆಯಬಾರದು.

ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಕೊನೆಕೊನೆಗೆ ಕೋವಿಗಿಂತ ಕ್ಯಾಮೆರಾ ಮೇಲು ಅನ್ನಿಸಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು; 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ಆಂಡರ್ಸನ್ ತೀರಿಕೊಂಡರು. ಅವರ ಬೇಟೆಯನ್ನು ಇವತ್ತು ನಾವು ಮೆಚ್ಚಬೇಕಿಲ್ಲ. ಆದರೆ ಸತ್ತ ಆನೆಗಳ ಮೈಯಲ್ಲಿ ನಾಡಕೋವಿಯ ಚರೆ ಸಿಕ್ಕಿತು ಅನ್ನುವ ಸುದ್ದಿ ಈಗಲೂ ಬರುತ್ತಲೇ ಇರುತ್ತದೆ. ಬೆಳೆ ಕಾಯುವ ರೈತನ ಕಷ್ಟವೂ ನಿಜ, ಗಾಯಗೊಂಡ ಆನೆಯ ಸಿಟ್ಟೂ ನಿಜ. ಸೋಲಾರ್ ಬೇಲಿಯೋ, ಆನೆ ಬಂದರೆ ಎಚ್ಚರಿಸುವ ಸೆನ್ಸರೋ, ಏನೇ ಮಾಡಿದರೂ ಅಳೆದು, ಪರೀಕ್ಷಿಸಿ, ನೂರು ಸಲಕ್ಕೂ ಕೆಲಸ ಮಾಡುವ ಹಾಗೆ ಮಾಡಬೇಕು. ಒಂದೊಂದು ಸಲ ಮಾತ್ರ ಕೆಲಸ ಮಾಡುವ ಯಂತ್ರ ಇಲ್ಲದಿರುವುದಕ್ಕಿಂತ ಅಪಾಯ.