ನೀರು, ಮಂಜು ಬರೆದ ವೆಂಕಟಪ್ಪ: ಕೂಲಿಗಾಗಿ ಅರಮನೆ ವಿರುದ್ಧವೇ ಕೋರ್ಟಿಗೆ ಹೋದರು

ಯಲ್ಲದಕೆರೆ: ಕೆರೆ ದಂಡೆ, ಒಂದು ಹುಲ್ಲಿನ ಗುಡಿಸಲು, ಹಿಂದೆ ಗುಡ್ಡ. ಈ ಚಿತ್ರದ ಕ್ಯಾಲೆಂಡರ್ ಯಾವ ಅಂಗಡಿಯಲ್ಲಿ ನೇತಾಡಿಲ್ಲ ಹೇಳಿ? ಶಾಲೆಯಲ್ಲಿ ನಾವೂ ಇದನ್ನೇ ಬಿಡಿಸಿದ್ದು. ನೀರಿಗೆ ನೀಲಿ ಬಳಿದರೆ ಮುಗೀತು ಅಂದುಕೊಂಡಿದ್ದೆವು. ಅದು ಅಷ್ಟು ಸಲೀಸಲ್ಲ ಅಂತ ಬರೆದು ತೋರಿಸಿದವರು ಕೆ. ವೆಂಕಟಪ್ಪ.

ಹುಟ್ಟಿದ್ದು 1886ರಲ್ಲಿ, ಮೈಸೂರಿನ ಚಿತ್ರಗಾರ ಮನೆತನದಲ್ಲಿ. ನಮ್ಮ ಮಾರಿಕಣಿವೆ ಡ್ಯಾಂ ಕಟ್ಟಿಸಿತಲ್ಲ, ಅದೇ ಮೈಸೂರು ಸಂಸ್ಥಾನ ಈ ಹುಡುಗನನ್ನು ಕಲ್ಕತ್ತೆಗೆ ಓದಲು ಕಳಿಸಿತು. ಅಲ್ಲಿ ಗುರು ಅವನೀಂದ್ರನಾಥ ಠಾಕೂರರು, ಜೊತೆಗಾರ ನಂದಲಾಲ್ ಬೋಸ್. ಬಣ್ಣ ಹಚ್ಚಿ, ಹಾಳೆಯನ್ನೇ ನೀರಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಚ್ಚುವ ಕೆಲಸ ಕಲಿತರು. ಊರಿಗೆ ಮರಳಿ ವೀಣೆ ಶೇಷಣ್ಣನವರ ಹತ್ತಿರ ವೀಣೆಗೂ ಕೂತರು. ಮದುವೆ ಆಗಲೇ ಇಲ್ಲ.

1920-30ರ ದಶಕಗಳಲ್ಲಿ ಊಟಿ, ಕೊಡೈಕೆನಾಲ್ ಕಡೆ ಹೋಗಿ ಬೆಟ್ಟ, ಮಂಜು, ಮರ, ಕೆರೆ ಬರೆದರು. ಜಲವರ್ಣದಲ್ಲಿ ಎಣ್ಣೆಬಣ್ಣದ ಥರ ತಪ್ಪಿನ ಮೇಲೆ ದಪ್ಪಗೆ ಬಳಿದು ಮುಚ್ಚೋಕೆ ಬರಲ್ಲ. ನೀರಿನ ಮೇಲೆ ಬೆಳಕು ಬೇಕೆಂದರೆ ಅಷ್ಟು ಜಾಗ ಹಾಳೆಯ ಬಿಳಿಯನ್ನೇ ಮೊದಲೇ ಬಿಟ್ಟಿರಬೇಕು. ಅಂದ್ರೆ ಕುಂಚ ಎತ್ತುವ ಮುಂಚೆಯೇ ಚಿತ್ರ ತಲೆಯಲ್ಲಿ ಮುಗಿದಿರಬೇಕು. ಬೆಟ್ಟದ ಮಂಜಾದರೋ ಯಾರಿಗೂ ಕಾಯೋದಿಲ್ಲ!

ಮನುಷ್ಯ ಮಾತ್ರ ಭಾರೀ ಖಡಕ್ಕು. ಡೈರಿ ಬರೆದಿಡುತ್ತಿದ್ದರು. ಮೈಸೂರು ಅರಮನೆಗೆ ಗಾರೆಯ ಉಬ್ಬುಚಿತ್ರ ಮಾಡುವ ಕೆಲಸವನ್ನೂ ಹಿಡಿದಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ವೆಂಕಟಪ್ಪ ಬೆಂಗಳೂರು ಸೇರಿದರು. ಆಮೇಲೆ ಆ ಕೆಲಸದ ಹಣದ ವಿಚಾರಕ್ಕೆ ಅರಮನೆ ವಿರುದ್ಧ ಕೋರ್ಟ್ ಮೆಟ್ಟಿಲು ಹತ್ತಿದರು. ಓದಿಸಿದ ಮನೆಯ ಮೇಲೇ ಕೇಸಾ ಅಂತ ಕೇಳುವವರು ಇವತ್ತೂ ಸಿಗ್ತಾರೆ. ಓದಿಸಿದ್ದು ಬೇರೆ, ಮಾಡಿದ ಕೆಲಸಕ್ಕೆ ಕೂಲಿ ಬೇರೆ ಅಲ್ವಾ? ಉದ್ರಿ ಕೊಟ್ಟು ಅಲೆದ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಸು ಸೋತರು.

1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿ ಎದ್ದಿದ್ದು ಅದಾದ ಮೇಲೆ. ಬೆಂಗಳೂರಿಗೆ ಮಾಲು ತರಲು ಹೋದವರು ನೆನಪಿಟ್ಟುಕೊಳ್ಳಿ: ಕಸ್ತೂರಬಾ ರಸ್ತೆ, ಮ್ಯೂಸಿಯಂ ಪಕ್ಕ, ವೆಂಕಟಪ್ಪ ಆರ್ಟ್ ಗ್ಯಾಲರಿ.